ಉಳಿದಿರುವುದು ಕಥೆಯೋ, ಹೆಸರೋ?

ಕಳೆದ ತಿಂಗಳು ನಮ್ಮ ಸಂಸ್ಥೆಯ ಸಭಾಂಗಣದಲ್ಲಿ ಜಿ.ಎಸ್.ಟಿ. ಕುರಿತ ಕಾರ್ಯಾಗಾರ ಮುಗಿದು ಸದಸ್ಯರೆಲ್ಲ ಚಹಾ ಸೇವಿಸುತ್ತ ನಿಂತಿದ್ದಾಗ, ಹತ್ತಿ ವ್ಯಾಪಾರದಲ್ಲಿ ಮೂವತ್ತು ವರ್ಷ ಪಳಗಿದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಸಲಹೆ ಕೇಳಿದರು. ಕೆಲವು ವರ್ಷಗಳ ಹಿಂದೆ ಚೆನ್ನಾಗಿ ಓಡಿದ ಕನ್ನಡ ಚಿತ್ರವೊಂದರ ಎರಡನೇ ಭಾಗ ಸಿದ್ಧವಾಗುತ್ತಿದೆಯಂತೆ. ನಮ್ಮ ಭಾಗದ ಮೂರು ಜಿಲ್ಲೆಗಳ ಹಂಚಿಕೆ ಹಕ್ಕಿನಲ್ಲಿ ಪಾಲು ತೆಗೆದುಕೊಳ್ಳುವಂತೆ ಅವರಿಗೆ ಬೆಂಗಳೂರಿನಿಂದ ಕರೆ ಬಂದಿದೆ. "ಮೊದಲನೇದು ಅಷ್ಟು ಓಡೇತಲ್ರೀ, ಎರಡನೇದು ಓಡಂಗಿಲ್ಲೇನು?" ಎಂಬುದು ಅವರ ಪ್ರಶ್ನೆ.

ಗದ್ದಲದ ನಡುವೆ ಉತ್ತರ ಕೊಡಲಾಗಲಿಲ್ಲ. ಮಾತ್ರವಲ್ಲ, ಇಂತಹ ಕರೆ ಅವರೊಬ್ಬರಿಗೇ ಬಂದದ್ದಲ್ಲವೆಂಬುದು ಆನಂತರ ತಿಳಿಯಿತು. ಕನ್ನಡ ಚಿತ್ರಗಳಿಗೆ ಹಣ ಹೂಡಿದವರಲ್ಲಿ ಅಡಿಕೆ, ಬಟ್ಟೆ, ಧಾನ್ಯ, ಭೂಮಿ ವ್ಯವಹಾರದವರು ಎಂದೂ ಇದ್ದಾರೆ. ಈಗ ಮುಂದುವರಿದ ಭಾಗಗಳ ಸುಗ್ಗಿ ನಡೆದಿರುವುದರಿಂದ, ಚಿತ್ರರಂಗದ ಪರಿಚಯವೇ ಇಲ್ಲದ ವರ್ತಕರಿಗೂ ಇದು ಅಪಾಯವಿಲ್ಲದ ಹೂಡಿಕೆಯೆಂಬ ಭಾವನೆ ಮೂಡಿದೆ. ಆದ್ದರಿಂದ ಅವರಿಗೆ ಹೇಳಬೇಕೆಂದಿದ್ದುದನ್ನು ನಮ್ಮ ಪತ್ರಿಕೆಯ ಮೂಲಕ ಎಲ್ಲ ಸದಸ್ಯರ ಮುಂದೆಯೂ ಇಡುತ್ತಿದ್ದೇನೆ.

ನಾನು ಚಿತ್ರರಂಗದವನಲ್ಲ, ಮಸಾಲೆ ಖಾರ, ಚಟ್ನಿಪುಡಿಗಳ ಸಣ್ಣ ಘಟಕವೊಂದನ್ನು ನಡೆಸುವವನು. ಆದರೂ ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. ಸುಮಾರು ಹದಿನೈದು ವರ್ಷಗಳ ಹಿಂದೆ ಇಬ್ಬರು ಮಿತ್ರರೊಡನೆ ತಲಾ ನಾಲ್ಕು ಲಕ್ಷ ರೂಪಾಯಿ ಹಾಕಿ, ಯಶಸ್ವಿ ಚಿತ್ರವೊಂದರ ಎರಡನೇ ಭಾಗವನ್ನು ಎರಡು ಜಿಲ್ಲೆಗಳ ಮಟ್ಟಿಗೆ ಕನಿಷ್ಠ ಖಾತರಿಯ, ಅಂದರೆ ಎಂ.ಜಿ. ಕರಾರಿನ ಮೇಲೆ ತೆಗೆದುಕೊಂಡಿದ್ದೆ. ಶುಕ್ರವಾರ ಬೆಳಗಿನ ಆಟಕ್ಕೆ ಚಿತ್ರಮಂದಿರದ ಮುಂದೆ ಹಾರ, ಪಟಾಕಿ, ಜನಜಂಗುಳಿ. ಶನಿವಾರ, ಭಾನುವಾರಗಳಂದು ತುಂಬಿದ ಪ್ರದರ್ಶನ. ಆ ರಾತ್ರಿ ಮೂವರೂ ಖಾನಾವಳಿಯಲ್ಲಿ ಹೋಳಿಗೆ ಊಟ ಮಾಡಿದೆವು. ಸೋಮವಾರ ಮ್ಯಾಟಿನಿ ಆಟಕ್ಕೆ ಹೋಗಿ ಎಣಿಸಿದರೆ ಬಾಲ್ಕನಿಯಲ್ಲಿ ಹದಿನೇಳು ಜನ. ಎರಡನೆಯ ಶುಕ್ರವಾರ ಚಿತ್ರ ಎತ್ತಂಗಡಿಯಾಯಿತು. ಹಾಕಿದ ಹನ್ನೆರಡು ಲಕ್ಷದಲ್ಲಿ ಮರಳಿ ಬಂದದ್ದು ಐದು ಲಕ್ಷ ಚಿಲ್ಲರೆ. ಚಿತ್ರದ ಹೆಸರು ಇಲ್ಲಿ ಅಪ್ರಸ್ತುತ. ಮಾರಿದವರು ಮೋಸ ಮಾಡಲಿಲ್ಲ. ಕೊಂಡ ನಾವು ಲೆಕ್ಕ ತಪ್ಪಿದ್ದೆವು.

ಎಲ್ಲಿ ತಪ್ಪಿದೆವು ಎಂಬುದನ್ನು ಅಂದಿನಿಂದ ಆಗಾಗ ಯೋಚಿಸಿದ್ದೇನೆ. ಹೊಸ ತಂಡದ ಮೊದಲ ಚಿತ್ರವನ್ನು ಹಂಚಿಕೆದಾರನು ಕೊಳ್ಳುವಾಗ ಅದರ ಬೆಲೆಯಲ್ಲಿ ಅನುಮಾನವೂ ಸೇರಿರುತ್ತದೆ. ಓಡುವುದೋ ಇಲ್ಲವೋ ಯಾರಿಗೂ ತಿಳಿಯದು; ಆದ್ದರಿಂದ ಚೌಕಾಶಿಗೆ ಎಡೆಯುಂಟು, ಬೆಲೆ ಕಡಿಮೆ. ಓಡಿದರೆ ಆ ಅನುಮಾನವನ್ನು ಹೊತ್ತವನಿಗೆ ಅದರ ಪ್ರತಿಫಲ ದೊರೆಯುತ್ತದೆ. ಎರಡನೇ ಭಾಗದ ವಿಷಯ ಹಾಗಲ್ಲ. ಮೊದಲನೆಯದರ ಯಶಸ್ಸನ್ನು ಎರಡನೆಯದರ ಬೆಲೆಯಲ್ಲಿ ಆಗಲೇ ಕೂಡಿಸಿ ಹೇಳಿರುತ್ತಾರೆ. ಅಂಗಡಿಯೊಂದನ್ನು ಗುಡ್‌ವಿಲ್ ಸಹಿತ ಕೊಂಡಂತೆ, ಆ ಹೆಸರಿನಿಂದ ಬರಬಹುದಾದ ಲಾಭಕ್ಕೆ ನಾವು ಮುಂಗಡವಾಗಿಯೇ ಪೂರ್ತಿ ಹಣ ತೆತ್ತಿರುತ್ತೇವೆ. ಆ ಮೇಲೆ ಚಿತ್ರ ಮೊದಲನೆಯದರಷ್ಟೇ ಓಡಿದರೆ ನಮಗೆ ಉಳಿಯುವುದು ಅಲ್ಪ. ಅದಕ್ಕಿಂತ ಸ್ವಲ್ಪ ಕಡಿಮೆ ಓಡಿದರೂ ನಷ್ಟ. ಮೊದಲನೆಯದು ಓಡಿದೆ ಎಂಬುದು ಕೊಳ್ಳುವವನಿಗೆ ಭರವಸೆಯ ಮಾತಾಗಿ ಕೇಳಿಸಿದರೂ ವಾಸ್ತವದಲ್ಲಿ ಅದು ಮಾರುವವನು ಬೆಲೆ ಏರಿಸಲು ಕೊಡುವ ಕಾರಣ.

ಮುಂದುವರಿದ ಭಾಗಗಳನ್ನು ಏಕೆ ಮಾಡುತ್ತಾರೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿಯೇ ಇದೆ. ಹೊಸ ಹೆಸರನ್ನು ಜನರ ನಾಲಗೆಯ ಮೇಲೆ ನಿಲ್ಲಿಸಲು ಪ್ರಚಾರಕ್ಕೆ ಹೇರಳ ಹಣ ಬೇಕು. ಪರಿಚಿತ ಹೆಸರಿಗೆ ಪಕ್ಕದಲ್ಲಿ ಒಂದು ಅಂಕಿ ಸೇರಿಸಿದರೆ ಸಾಕು. ದೂರದರ್ಶನ ವಾಹಿನಿಗಳು, ಇತ್ತೀಚೆಗೆ ಓಟಿಟಿ ಸಂಸ್ಥೆಗಳು, ಕಥೆ ಕೇಳುವುದಕ್ಕೂ ಮೊದಲು ಹೆಸರನ್ನು ನೋಡುತ್ತವೆ. ಸಾಲ ಕೊಡುವವನಿಗೂ ತೋರಿಸಲು ಹಿಂದಿನ ಗಳಿಕೆಯ ಲೆಕ್ಕವಿರುತ್ತದೆ. ಇವೆಲ್ಲ ನಿರ್ಮಾಪಕನ ದೃಷ್ಟಿಯಿಂದ ನ್ಯಾಯವಾದ ಕಾರಣಗಳೇ. ಸ್ವಂತ ಹಣವನ್ನೋ ಬಡ್ಡಿ ಹಣವನ್ನೋ ಪಣಕ್ಕಿಟ್ಟವನು ತನ್ನ ಅಪಾಯವನ್ನು ತಗ್ಗಿಸಿಕೊಳ್ಳಲು ನೋಡಿದರೆ ಅವನನ್ನು ದೂರುವಂತಿಲ್ಲ. ನಾವೂ ನಮ್ಮ ನಮ್ಮ ವ್ಯವಹಾರಗಳಲ್ಲಿ ಅದನ್ನೇ ಮಾಡುತ್ತೇವೆ. ಆದರೆ ಅವನು ತಗ್ಗಿಸಿಕೊಂಡ ಅಪಾಯ ಮಾಯವಾಗುವುದಿಲ್ಲ, ಕೈ ಬದಲಾಯಿಸುತ್ತದೆ. ಕೊನೆಯ ಕೈ ಯಾವುದೆಂಬುದನ್ನು ಸೋಮವಾರದ ಮ್ಯಾಟಿನಿ ತೋರಿಸಿಕೊಡುತ್ತದೆ.

ಇನ್ನರ್ಧ ಉತ್ತರ ಕಥೆಯೊಳಗಿದೆ. ಮೊದಲ ಚಿತ್ರ ಮುಗಿದಾಗ ಪ್ರೇಕ್ಷಕನಿಗೆ ಸಲ್ಲಬೇಕಾದ ಬಾಕಿ ಏನಾದರೂ ಉಳಿದಿದೆಯೇ, ಇಲ್ಲವೇ ಖಾತೆ ಪೂರ್ತಿ ಚುಕ್ತಾ ಆಗಿದೆಯೇ? ಬಾಕಿ ತೀರಿಸುವ ಎರಡನೇ ಭಾಗ ಒಂದು ಬಗೆ. ಚುಕ್ತಾ ಆದ ಖಾತೆಯ ಹೆಸರಿನಲ್ಲಿ ಹೊಸ ಸಾಲ ಎತ್ತುವ ಎರಡನೇ ಭಾಗ ಮತ್ತೊಂದು ಬಗೆ. ಪೋಸ್ಟರಿನ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ.

'ಮುಂಗಾರು ಮಳೆ'ಯ ಉದಾಹರಣೆ ನಮ್ಮೆಲ್ಲರಿಗೂ ಪರಿಚಿತವಾದುದು. 2006ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾದ ಆ ಚಿತ್ರದಲ್ಲಿ ವ್ಯಾಪಾರಿಗೆ ಧೈರ್ಯ ಕೊಡುವಂತಹುದು ಏನಿತ್ತು? ನಿರ್ದೇಶಕ ಯೋಗರಾಜ ಭಟ್ಟರು ಅದಕ್ಕೆ ಮೊದಲು ಮಾಡಿದ್ದ ಎರಡು ಚಿತ್ರಗಳು ದೊಡ್ಡ ಹೆಸರು ತಂದಿರಲಿಲ್ಲ. ಗಣೇಶ್ ಆಗಿನ್ನೂ ಮೇಲೇರುತ್ತಿದ್ದ ನಟ. ಖರ್ಚು ಒಂದು ಕೋಟಿಯನ್ನೂ ಮುಟ್ಟಿರಲಿಲ್ಲವೆಂದು ಅಂದು ವರದಿಯಾಗಿತ್ತು. ಹೊಡೆದಾಟದ ಅಬ್ಬರಕ್ಕಿಂತ ಮಳೆ, ಮಾತು, ಒಂದು ಮೊಲ, ಜಯಂತ ಕಾಯ್ಕಿಣಿಯವರ ಗೀತೆಗಳು, ಮನೋಮೂರ್ತಿಯವರ ಸಂಗೀತ, ಜೋಗದ ಜಲಪಾತ ಇವೇ ಬಂಡವಾಳ. ನಾಯಕಿ ನಾಯಕನಿಗೆ ದಕ್ಕುವುದೇ ಇಲ್ಲ. ಅಂತಹ ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಮೇಲೆ ಪ್ರದರ್ಶನ ಕಂಡಿತು. ಕನ್ನಡ ಚಿತ್ರ ನೋಡುವುದನ್ನೇ ಬಿಟ್ಟಿದ್ದ ಕುಟುಂಬಗಳನ್ನು ಮತ್ತೆ ಚಿತ್ರಮಂದಿರಕ್ಕೆ ಕರೆತಂದಿತು. ಈ ಯಶಸ್ಸಿನ ಮೂಲ ಆ ತಂಡ ಹೊತ್ತ ಅಪಾಯದಲ್ಲಿಯೇ ಇತ್ತೆಂದು ನನ್ನ ನಂಬಿಕೆ. ಇದು ಓಡದು ಎಂದು ಗಾಂಧಿನಗರದ ಯಾವುದೇ ಅನುಭವಿ ಹೇಳಬಹುದಾಗಿದ್ದ ಕಾರಣಗಳೇ ಅದು ಓಡಿದ್ದಕ್ಕೆ ಕಾರಣಗಳಾದವು.

'ಮುಂಗಾರು ಮಳೆ 2' ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ನಿರ್ದೇಶನ ಶಶಾಂಕ್ ಅವರದು. ಗಣೇಶ್ ಅವರೇ ನಾಯಕ, ಆದರೆ ಅಷ್ಟು ಹೊತ್ತಿಗೆ ಅವರು ಹೆಸರಾಂತ ತಾರೆ. ಕಥೆ ಬೇರೆ, ನಾಯಕಿ ಬೇರೆ, ಸಂಗೀತ ಬೇರೆ. ಚಿತ್ರ ತನ್ನಷ್ಟಕ್ಕೆ ನೋಡಬಹುದಾದಂತಹುದೇ. ಆದರೆ ಪ್ರೀತಂ ತನ್ನ ಪ್ರೀತಿಯನ್ನು ಬಿಟ್ಟುಕೊಟ್ಟು ಮಳೆಯಲ್ಲಿ ಹಿಂತಿರುಗಿದ ಕ್ಷಣದಲ್ಲಿಯೇ ಮೊದಲ ಚಿತ್ರದ ಖಾತೆ ಮುಗಿದುಹೋಗಿತ್ತು. ಅಲ್ಲಿಂದ ಮುಂದೆ ಏನಾಯಿತೆಂದು ಯಾರೂ ಕೇಳುತ್ತಿರಲಿಲ್ಲ; ಕೇಳಬಾರದೆಂಬುದೇ ಆ ಮುಕ್ತಾಯದ ಸೊಗಸು. ಉಳಿದಿದ್ದದ್ದು ಹೆಸರು ಮಾತ್ರ. ಇಂದು ಮಳೆಗಾಲದಲ್ಲಿ ಜೋಗಕ್ಕೆ ಹೋದ ಯಾರ ಬಾಯಲ್ಲಿಯೂ ಬರುವುದು ಮೊದಲನೆಯದರ ಹಾಡುಗಳೇ. ಉಪೇಂದ್ರ ಅವರು 1999ರಲ್ಲಿ 'ಉಪೇಂದ್ರ' ಮಾಡಿ, 2015ರಲ್ಲಿ 'ಉಪ್ಪಿ 2' ತಂದರು. ಅಲ್ಲಿ ನಿರ್ದೇಶಕನೂ ಅವರೇ, ನಾಯಕನೂ ಅವರೇ. ಆದರೂ ಮೊದಲ ಸಲ ಪ್ರೇಕ್ಷಕ ತಬ್ಬಿಬ್ಬಾದಂತೆ ಎರಡನೇ ಸಲ ಆಗಲಿಲ್ಲವೆಂಬುದು ನನ್ನ ಅನಿಸಿಕೆ. ತಬ್ಬಿಬ್ಬಾಗಲು ಸಿದ್ಧನಾಗಿಯೇ ಟಿಕೆಟ್ ಕೊಂಡವನನ್ನು ತಬ್ಬಿಬ್ಬು ಮಾಡುವುದು ಕಷ್ಟ.

ಇಷ್ಟು ಹೇಳಿದರೆ ನಮ್ಮ ಹಿರಿಯ ಸದಸ್ಯರು ಕೂಡಲೇ 'ಆಪ್ತರಕ್ಷಕ'ದ ಹೆಸರು ಎತ್ತುವರೆಂದು ಬಲ್ಲೆ. ಎರಡನೇ ಭಾಗ ಓಡುತ್ತದೆ ಎನ್ನುವವರೆಲ್ಲ ಕೊಡುವ ಸಾಕ್ಷಿ ಅದು. ಆದ್ದರಿಂದ ಅದನ್ನು ತುಸು ನಿಧಾನವಾಗಿ ನೋಡುವುದು ಒಳ್ಳೆಯದು.

2004ರಲ್ಲಿ ತೆರೆಕಂಡ 'ಆಪ್ತಮಿತ್ರ' ಫಾಜಿಲ್ ಅವರ 1993ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್'ನಿಂದ ರೂಪುಗೊಂಡದ್ದು. ಹಲವು ಚಿತ್ರಗಳಲ್ಲಿ ಕೈಸುಟ್ಟುಕೊಂಡಿದ್ದ ದ್ವಾರಕೀಶ್ ಅವರು ನಿರ್ಮಾಪಕರು, ಪಿ. ವಾಸು ನಿರ್ದೇಶಕರು. ನಾಗವಲ್ಲಿಯಾಗಿ ಬೆರಗು ಮೂಡಿಸಿದ ಸೌಂದರ್ಯ ಅವರು ಚಿತ್ರ ಬಿಡುಗಡೆಯಾಗುವ ಮೊದಲೇ, ಅದೇ ವರ್ಷದ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ಅಭೂತಪೂರ್ವವಾಗಿ ಓಡಿ ದ್ವಾರಕೀಶರನ್ನು ಮತ್ತೆ ಎದ್ದುನಿಲ್ಲಿಸಿತು. ಆರು ವರ್ಷಗಳ ಬಳಿಕ, ಬೇರೆ ನಿರ್ಮಾಪಕರ ಹಣದಲ್ಲಿ, ಅದೇ ವಾಸು ಅವರು ಅದೇ ಮನೋವೈದ್ಯನ ಪಾತ್ರವನ್ನು ಮತ್ತೆ ತಂದು, ನಾಗವಲ್ಲಿಯ ಕಾಟವನ್ನು ಮತ್ತೊಂದು ಮನೆಗೆ ಒಯ್ದು 'ಆಪ್ತರಕ್ಷಕ' ಮಾಡಿದರು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಅವರು ನಿಧನರಾದರು. ಚಿತ್ರ ಬಿಡುಗಡೆಯಾದದ್ದು 2010ರ ಫೆಬ್ರವರಿಯಲ್ಲಿ.

ಆ ದಿನಗಳಲ್ಲಿ ನಮ್ಮ ಊರಿನ ಚಿತ್ರಮಂದಿರದ ಸಾಲಿನಲ್ಲಿ ನಿಂತವರಲ್ಲಿ ನಾನೂ ಒಬ್ಬ. ನನ್ನ ಮುಂದಿದ್ದ ಆಟೋ ಚಾಲಕರೊಬ್ಬರ ಕೈಯಲ್ಲಿ ಹೂವಿನ ಹಾರವಿತ್ತು. ತೆರೆಯ ಮೇಲೆ ವಿಷ್ಣುವರ್ಧನ್ ಮೊದಲ ಸಲ ಕಾಣಿಸಿಕೊಂಡಾಗ ಶಿಳ್ಳೆಗಳ ನಡುವೆ ಅಳುವ ಧ್ವನಿಗಳೂ ಕೇಳಿದವು. ಜನ ಬಂದದ್ದು ನಾಗವಲ್ಲಿಯ ಮುಂದಿನ ಕಥೆಗಾಗಿ ಅಲ್ಲ, ತಮ್ಮ ನಟನನ್ನು ಬೀಳ್ಕೊಡುವುದಕ್ಕೆ. ಅವರ ಅಭಿನಯವೂ ಆ ಬೀಳ್ಕೊಡುಗೆಗೆ ತಕ್ಕುದಾಗಿಯೇ ಇತ್ತು. ಆ ಗಳಿಕೆಯನ್ನು ಎರಡನೇ ಭಾಗದ ಲೆಕ್ಕಕ್ಕೆ ಜಮೆ ಮಾಡುವುದು ನಾಡಿನ ದುಃಖವನ್ನು ಗುಡ್‌ವಿಲ್ ಎಂದು ಬರೆದುಕೊಂಡಂತೆ. ತಮಿಳಿನಲ್ಲಿ ಇದೇ ಕಥೆ 2005ರಲ್ಲಿ ರಜನೀಕಾಂತ್ ಅವರ 'ಚಂದ್ರಮುಖಿ'ಯಾಗಿ ದಾಖಲೆ ಮಾಡಿತ್ತು. 2023ರಲ್ಲಿ ಅದೇ ವಾಸು ಅವರು, ರಜನಿ ಇಲ್ಲದೆ, 'ಚಂದ್ರಮುಖಿ 2' ತಂದಾಗ ಅದು ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ನಿರ್ದೇಶಕ ಅವರೇ, ಕಥೆಯ ಎಳೆ ಅದೇ, ಹೆಸರೂ ಅದೇ.

ಹಾಗೆಂದು ಉತ್ತರಭಾಗಗಳೆಲ್ಲ ಕಳಪೆ ಎಂಬ ಮಾತು ಸಲ್ಲದು. ಎಂಟನೆಯ ಶತಮಾನದ ಭವಭೂತಿ ರಾಮನ ಶೌರ್ಯದ ಕಥೆಯನ್ನು 'ಮಹಾವೀರಚರಿತ'ದಲ್ಲಿ ಬರೆದನು. ಪಟ್ಟಾಭಿಷೇಕದ ನಂತರದ ಕಥೆಯನ್ನು 'ಉತ್ತರರಾಮಚರಿತ'ದಲ್ಲಿ. ವಿದ್ವಾಂಸರು ಅವನ ಶ್ರೇಷ್ಠ ಕೃತಿಯೆಂದು ಎಣಿಸುವುದು ಎರಡನೆಯದನ್ನೇ. ಪಟ್ಟಾಭಿಷೇಕದಿಂದ ರಾವಣನ ಲೆಕ್ಕ ಮುಗಿದಿತ್ತು, ಸೀತೆಯ ಲೆಕ್ಕ ಮುಗಿದಿರಲಿಲ್ಲ. ಅಮೆರಿಕದ 1972ರ 'ಗಾಡ್‌ಫಾದರ್' ಆಸ್ಕರ್ ಗಳಿಸಿತು, 1974ರ ಎರಡನೇ ಭಾಗವೂ ಶ್ರೇಷ್ಠ ಚಿತ್ರದ ಆಸ್ಕರ್ ಪಡೆಯಿತು. ಮಗ ಹಿಡಿದ ದಾರಿ ಎಲ್ಲಿಗೆ ಒಯ್ಯುತ್ತದೆ, ತಂದೆ ಬಂದ ದಾರಿ ಯಾವುದು ಎಂಬೆರಡೂ ಮೊದಲನೆಯದರಲ್ಲಿ ಉಳಿದ ಪ್ರಶ್ನೆಗಳಾಗಿದ್ದವು. ಅದೇ ಅಮೆರಿಕದಲ್ಲಿ 1975ರ 'ಜಾಸ್'ಗೆ ಮೂರು ಮುಂದುವರಿದ ಭಾಗಗಳು ಬಂದವು. ಮೂಲದ ನಿರ್ದೇಶಕ ಸ್ಪೀಲ್‌ಬರ್ಗ್ ಅವುಗಳಲ್ಲಿ ಒಂದನ್ನೂ ನಿರ್ದೇಶಿಸಲಿಲ್ಲ. ಶಾರ್ಕ್ ಸತ್ತುಹೋಗಿತ್ತು, ಮತ್ತೊಂದು ಶಾರ್ಕ್ ತರಬೇಕಾಯಿತು.

ಬಾಕಿ ಉಳಿಸಿದ ಕಥೆಗೆ ಮಲಯಾಳಂನ 'ದೃಶ್ಯಂ'ಗಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು. 2013ರ ಆ ಚಿತ್ರ ಮುಗಿಯುವುದು ಹೆಣ ಪೊಲೀಸ್ ಠಾಣೆಯ ನೆಲದಡಿಯೇ ಇದೆ ಎಂಬ ರಹಸ್ಯದೊಂದಿಗೆ. ಇದು ವಸೂಲಾಗದ ಬಾಕಿಯ ನಮೂದಲ್ಲದೆ ಬೇರೇನು? ಎಂದಾದರೂ ಒಂದು ದಿನ ಯಾರಾದರೂ ಆ ನೆಲ ಅಗೆಯಲೇಬೇಕು. 2021ರಲ್ಲಿ ಜೀತು ಜೋಸೆಫ್ ಅವರು ಎರಡನೇ ಭಾಗ ಮಾಡಿದಾಗ, ಕೋವಿಡ್ ಕಾಲವಾದ್ದರಿಂದ ಅದು ನೇರವಾಗಿ ಓಟಿಟಿಯಲ್ಲಿ ಬಂದರೂ, ಮೂಲಕ್ಕೆ ಸಾಟಿಯೆಂದು ಅನೇಕರು ಮೆಚ್ಚಿದರು. ಕನ್ನಡದಲ್ಲಿಯೂ ರವಿಚಂದ್ರನ್ ಅವರು ಎರಡೂ ಭಾಗಗಳಲ್ಲಿ ನಟಿಸಿದ್ದಾರೆ. ಚಿಕ್ಕ ಪ್ರಮಾಣದಲ್ಲಿ 'ಲವ್ ಮಾಕ್‌ಟೇಲ್' ಮಾಡಿದ್ದೂ ಇದನ್ನೇ. 2020ರ ಮೊದಲ ಚಿತ್ರ ಮಡದಿಯ ಸಾವಿನಿಂದ ಮುಗಿಯಿತು, 2022ರ ಎರಡನೆಯದು ಉಳಿದವನು ಹೇಗೆ ಬದುಕಿದ ಎಂದು ಹೇಳಿತು.

ದೊಡ್ಡ ಪ್ರಮಾಣದ ವ್ಯವಹಾರವಾಗಿ ಈ ವಿದ್ಯೆಯನ್ನು ತೋರಿಸಿಕೊಟ್ಟದ್ದು ತೆಲುಗಿನ 'ಬಾಹುಬಲಿ'. ಕಟ್ಟಪ್ಪ ಬಾಹುಬಲಿಯನ್ನು ಏಕೆ ಕೊಂದ ಎಂಬ ಒಂದು ಪ್ರಶ್ನೆಯನ್ನು 2015ರ ಜುಲೈನಿಂದ 2017ರ ಏಪ್ರಿಲ್‌ವರೆಗೆ ದೇಶದ ಮೇಲೆ ಸಾಲವಾಗಿ ಬಿಟ್ಟರು. ನಮ್ಮ 'ಕೆ.ಜಿ.ಎಫ್.' ಇನ್ನೂ ನೇರವಾಗಿತ್ತು: 2018ರ ಡಿಸೆಂಬರ್‌ನಲ್ಲಿ ಬಂದಾಗಲೇ ಹೆಸರಿನಲ್ಲಿ 'ಚಾಪ್ಟರ್ 1' ಎಂದಿತ್ತು. ಇದು ಮೊದಲ ಕಂತು, ಎರಡನೆಯದು ಬಾಕಿ ಇದೆ ಎಂದು ರಸೀದಿಯಲ್ಲಿಯೇ ಬರೆದು ಕೊಟ್ಟಂತೆ. ಗರುಡನನ್ನು ಕೊಂದ ರಾಕಿ ನರಾಚಿಯನ್ನು ಹೇಗೆ ಆಳುವನೆಂದು ತಿಳಿಯಲು ಜನ ಮೂರು ವರ್ಷಕ್ಕೂ ಮೇಲೆ ಕಾಯಬೇಕಾಯಿತು. ಕೋವಿಡ್‌ನಿಂದಾಗಿ ಬಿಡುಗಡೆ ಎರಡು ಬಾರಿ ಮುಂದೆ ಹೋಗಿ 2022ರ ಏಪ್ರಿಲ್ 14ಕ್ಕೆ ನಿಂತಿತು. ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಗಳಿಸಿತೆಂದು ವರದಿಯಾಯಿತು. ಬಾಗಿಲು ಮುಚ್ಚಿ ತೆರೆದು ಬಸವಳಿದಿದ್ದ ಏಕಪರದೆ ಚಿತ್ರಮಂದಿರಗಳಿಗೆ ಮಾತ್ರವಲ್ಲ, ಅವುಗಳ ಎದುರು ಮಿರ್ಚಿ ಭಜಿ, ಸೋಡಾ ಮಾರುವವರಿಗೂ ಆ ತಿಂಗಳು ಉಸಿರು ಬಂದಿತು. ನನಗೆ ಇಂದಿಗೂ ಮೊದಲನೆಯದೇ ಹೆಚ್ಚು ಇಷ್ಟ. ಅನಂತನಾಗ್ ಅವರ ನಿರೂಪಣೆ ಎರಡನೆಯದರಲ್ಲಿ ಇಲ್ಲದಿದ್ದುದೂ ಒಂದು ಕಾರಣವಿರಬಹುದು. ಆದರೆ ವ್ಯಾಪಾರದ ದೃಷ್ಟಿಯಿಂದ ಅದು ಕೊಟ್ಟ ಮಾತನ್ನು ನಡೆಸಿಕೊಂಡಿತು.

'ಕಾಂತಾರ' ಮಾತ್ರ ನನ್ನ ಈ ಲೆಕ್ಕಕ್ಕೆ ಸುಲಭವಾಗಿ ಒಗ್ಗುವುದಿಲ್ಲವೆಂದು ಒಪ್ಪಬೇಕು. 2022ರ ಸೆಪ್ಟೆಂಬರ್ 30ರಂದು ಅದು ಕನ್ನಡದಲ್ಲಿ ಮಾತ್ರ ತೆರೆಕಂಡಿತು. ಹೊರಗಿನವರು ಕೇಳತೊಡಗಿದ ಮೇಲೆ, ಎರಡು ವಾರಗಳ ನಂತರ, ಹಿಂದಿ ಮೊದಲಾದ ಭಾಷೆಗಳಿಗೆ ಹೋಯಿತು. ಹದಿನಾರು ಕೋಟಿಯ ಆಸುಪಾಸಿನ ಖರ್ಚಿಗೆ ನಾನ್ನೂರು ಕೋಟಿಯ ಆಸುಪಾಸಿನ ಗಳಿಕೆಯೆಂದು ವರದಿಗಳು ಹೇಳಿದವು. ರಿಷಬ್ ಶೆಟ್ಟಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಶಿವ ಕಾಡಿನೊಳಗೆ ಮರೆಯಾಗುವುದರೊಂದಿಗೆ ಅಲ್ಲಿಯ ಕಥೆ ಮುಗಿದಂತೆಯೇ ತೋರುತ್ತದೆ. ಮುಂದಕ್ಕೆ ಹೋಗಲು ದಾರಿಯಿಲ್ಲ. ತಂಡ ಮುಂದಕ್ಕೆ ಹೋಗಲೂ ಇಲ್ಲ. ಅರಸನೊಬ್ಬ ದೈವಕ್ಕಾಗಿ ತನ್ನ ಭೂಮಿಯನ್ನು ಊರಿಗೆ ಬಿಟ್ಟುಕೊಟ್ಟ ಪ್ರಸಂಗ ಚಿತ್ರದ ಆರಂಭದಲ್ಲಿತ್ತಲ್ಲ, ಅದಕ್ಕೂ ಹಿಂದಕ್ಕೆ, ಕದಂಬರ ಕಾಲಕ್ಕೆ ಹೋಗಿ 2025ರ ಅಕ್ಟೋಬರ್ 2ರಂದು 'ಕಾಂತಾರ ಚಾಪ್ಟರ್ 1' ತಂದಿತು. ಮೊದಲನೆಯದರ ಸುಮಾರು ಎರಡರಷ್ಟು ಗಳಿಸಿತು. ಹಳೆಯ ಕಿರ್ದಿಯ ಹಿಂದಿನ ಪುಟಗಳಲ್ಲಿ ಬಾಕಿ ಹುಡುಕಿದರು ಎನ್ನೋಣವೇ? ಇರಬಹುದು. ನಿರ್ಮಾಣದ ಹಿರಿಮೆಯಲ್ಲಿ ಎರಡನೆಯದು ಬಹಳ ಮುಂದೆ. ಆದರೆ ಮೊದಲನೆಯದರ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಆ ಕೂಗು ಕೇಳಿ ನನ್ನ ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗ ನನ್ನ ತೋಳು ಹಿಡಿದುಕೊಂಡಿದ್ದ. ಎರಡನೇ ಚಿತ್ರದಲ್ಲಿ ಅವನು ಆ ಕೂಗಿಗಾಗಿ ಕಾದು ಕುಳಿತಿದ್ದ. ಗಳಿಕೆಯ ಪುಸ್ತಕ, ನೆನಪಿನ ಪುಸ್ತಕ ಎರಡೂ ಬೇರೆ ಬೇರೆ. ಹಂಚಿಕೆದಾರನಿಗೆ ಮೊದಲನೆಯದು ಮುಖ್ಯ. ಮೂರನೇ ಭಾಗವನ್ನು ಮಾರುವ ದಿನ ಬಂದಾಗ ಮಾತ್ರ ಎರಡನೆಯದರ ಬೆಲೆ ತಿಳಿಯುತ್ತದೆ.

ಡಾ. ರಾಜಕುಮಾರ್ ಅವರ ಸಿ.ಐ.ಡಿ. 999 ಚಿತ್ರಗಳನ್ನು ಹಿರಿಯ ಓದುಗರು ಮರೆತಿರಲಾರರು. 1968ರ 'ಜೇಡರ ಬಲೆ'ಯಿಂದ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ದೊರೆ-ಭಗವಾನ್ ಜೋಡಿ ನಾಲ್ಕು ಮಾಡಿತು. ಅಲ್ಲಿ ಬಾಕಿಯೂ ಇರಲಿಲ್ಲ, ಸಾಲವೂ ಇರಲಿಲ್ಲ. ಪ್ರತಿ ಸಲ ಹೊಸ ಕಥೆ, ಗಿರಾಕಿ ಬರುತ್ತಿದ್ದದ್ದು ಅದೇ ಯಜಮಾನನ ಅಂಗಡಿಗೆ. ಅದು ಬೇರೆಯೇ ಪದ್ಧತಿ, ಇಲ್ಲಿಗೆ ಬಿಡೋಣ.

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಚಿತ್ರಕ್ಕೆ ಹಣ ಹಾಕುವವರಲ್ಲ, ಸರಕು ತಯಾರಿಸಿ ಮಾರುವವರು. ಅವರಿಗೂ ಈ ವಿಷಯ ದೂರದ್ದಲ್ಲ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಮೋಟಾರ್‌ಸೈಕಲ್‌ಗಳನ್ನು ನಮ್ಮ ಪೀಳಿಗೆ ಬಲ್ಲದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ, ಬೇರೊಂದು ಸಂಸ್ಥೆಯಿಂದ ಮತ್ತೆ ಮಾರುಕಟ್ಟೆಗೆ ಬಂದವು. ತಯಾರಿಕೆ ಈಗ ಮಧ್ಯಪ್ರದೇಶದ ಪೀತಂಪುರದಲ್ಲಿ. ಹೊಸ ಜಾವಾ ನೋಟಕ್ಕೆ ಹಳೆಯದರಂತೆಯೇ ಇದೆ, ಎರಡು ಸೈಲೆನ್ಸರ್‌ಗಳನ್ನೂ ಉಳಿಸಿಕೊಂಡಿದೆ. ಆದರೆ ಹೊಗೆ ನಿಯಮಗಳ ಈ ಕಾಲದಲ್ಲಿ ಟು-ಸ್ಟ್ರೋಕ್ ಎಂಜಿನ್ ಇಡಲಾಗದು. ದೂರದಿಂದಲೇ ಗುರುತಿಸಬಹುದಾಗಿದ್ದ ಆ ಶಬ್ದ ಹೋಯಿತು. ಯೆಜ್ಡಿ ಎಂಬ ಹೆಸರು ಯಾರ ಸ್ವತ್ತು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿಗೂ ಹೋಯಿತು. ಕಾರ್ಖಾನೆ ಮುಚ್ಚಿ ಕಾಲು ಶತಮಾನ ಕಳೆದ ಮೇಲೂ ಹೊಡೆದಾಡುವಷ್ಟು ಬೆಲೆ ಒಂದು ಹೆಸರಿಗೆ ಇರುತ್ತದೆಂದಾಯಿತು.

ನನ್ನ ಸ್ವಂತ ಎರಡನೇ ಭಾಗದ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮ ತಾಯಿಯವರ ಅಳತೆಯಂತೆ ಬ್ಯಾಡಗಿ ಮೆಣಸಿನಕಾಯಿಯಿಂದ ಮಾಡಿದ ಮಸಾಲೆ ಖಾರವನ್ನು 1991ರಿಂದ ಮಾರುತ್ತಿದ್ದೇನೆ. ಅದರೊಡನೆ ರೊಟ್ಟಿ ತಿನ್ನುವವರೇ ಶೇಂಗಾ ಚಟ್ನಿಯನ್ನೂ ಏಕೆ ಮಾಡಬಾರದೆಂದು ಕೇಳಿದರು. ಅದೇ ಹೆಸರಿನಲ್ಲಿ ಮಾಡಿದೆವು, ಹೋಯಿತು. ಇದರಿಂದ ಉಬ್ಬಿ 2009ರ ಯುಗಾದಿಗೆ 'ಸ್ಪೆಷಲ್' ಮಸಾಲೆ ಖಾರವೊಂದನ್ನು ಹೊಳೆಯುವ ಪೊಟ್ಟಣದಲ್ಲಿ, ಹೆಚ್ಚಿನ ಬೆಲೆಗೆ ಬಿಟ್ಟೆ. ಅದನ್ನು ಯಾರೂ ಕೇಳಿರಲಿಲ್ಲ. ಗದಗದ ಕಿರಾಣಿ ವ್ಯಾಪಾರಿಯೊಬ್ಬರು ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿ, "ಹಂಗಾರ ಹಳೇದ್ರಾಗ ಏನ್ ಕಡಿಮಿ ಮಾಡೀರಿ?" ಎಂದರು. ಗಿರಾಕಿಗಳೂ ಅದನ್ನೇ ಕೇಳತೊಡಗಿದರು. ಎಂಟು ತಿಂಗಳಲ್ಲಿ ಹೊಸದನ್ನು ಹಿಂದಕ್ಕೆ ಪಡೆದೆ. ಹಳೆಯದರ ಮಾರಾಟ ಮೊದಲಿನ ಮಟ್ಟಕ್ಕೆ ಬರಲು ಎರಡು ವರ್ಷ ಹಿಡಿಯಿತು. ಚಿತ್ರರಂಗದವರು ಈ ವಿಷಯದಲ್ಲಿ ನಮಗಿಂತ ಪುಣ್ಯವಂತರು. ಎರಡನೇ ಭಾಗ ಸೋತರೂ 'ಮುಂಗಾರು ಮಳೆ'ಯ ಮೊದಲ ಪ್ರತಿಗೆ ಏನೂ ಆಗುವುದಿಲ್ಲ. ಅದು ಇದ್ದಂತೆಯೇ ಇರುತ್ತದೆ. ನಮ್ಮ ಸರಕನ್ನು ಪ್ರತಿ ತಿಂಗಳೂ ಹೊಸದಾಗಿ ಕೊಳ್ಳಬೇಕು, ಪ್ರತಿ ಸಲವೂ ಹೊಸದಾಗಿ ನಂಬಬೇಕು.

ಈ ಲೇಖನ ಬರೆಯುವ ಮೊದಲು ಹತ್ತಿ ವ್ಯಾಪಾರದ ಆ ಹಿರಿಯರನ್ನು ಅವರ ಅಂಗಡಿಯಲ್ಲಿ ಕಂಡೆ. ಬೆಂಗಳೂರಿನವರಿಗೆ ಎರಡು ಮಾತು ಕೇಳುವಂತೆ ಹೇಳಿದೆ. ಮೊದಲ ಚಿತ್ರದಲ್ಲಿ ಹೇಳದೆ ಬಿಟ್ಟದ್ದೇನು, ಇದರಲ್ಲಿ ಹೇಳುವುದೇನು? ಎಂ.ಜಿ. ಬದಲಿಗೆ ಕಮಿಷನ್ ಆಧಾರದ ಮೇಲೆ, ಕಡಿಮೆಬಿದ್ದ ಹಣ ಮರಳಿಸುವ ಮುಂಗಡದ ಕರಾರು ಮಾಡಿಕೊಳ್ಳುವಿರಾ? ಅವರು ನನ್ನೆದುರಿಗೇ ದೂರವಾಣಿ ಮಾಡಿದರು. ಕಥೆ ಗುಟ್ಟಿನದೆಂದೂ, ಕರಾರು ಎಂ.ಜಿ.ಯದೇ ಎಂದೂ, ಬೇಕಾದರೆ ಮೊತ್ತದಲ್ಲಿ ನೂರಕ್ಕೆ ಹತ್ತು ಇಳಿಸಬಹುದೆಂದೂ ಉತ್ತರ ಬಂದಿತು. ಹಿರಿಯರು ಕನ್ನಡಕ ತೆಗೆದು ಒರೆಸಿ, "ಹತ್ತು ಬಿಡ್ತಾರಂದ್ರ ಇನ್ನೂ ಬಿಡ್ತಾರ" ಎಂದು ನಕ್ಕರು. ಪಾಲಿಗೆ ನನ್ನನ್ನೂ ಕರೆದರು. ನಾನು ಒಪ್ಪಲಿಲ್ಲ, ಮೊದಲ ದಿನದ ಆಟಕ್ಕೆ ಇಬ್ಬರಿಗೂ ಟಿಕೆಟ್ ತೆಗೆಸುವುದಾಗಿ ಹೇಳಿ ಬಂದಿದ್ದೇನೆ. ತಿಂಗಳ ಕೊನೆಯವರೆಗೆ ಅವರಿಗೆ ಗಡುವಿದೆ.